ಎರಡು ಸಲ ತೆರಿಗೆ ಕಟ್ಟಿದವರ ಇಸ್ಕೂಲು

ನಮ್ಮ ಕೇರಿಯ ಇಸ್ಕೂಲಿಗೆ ಎರಡನೇ ಕೋಣೆ ಕಟ್ಟುವಾಗ ನಮ್ಮವ್ವ ಮಣ್ಣು ಹೊತ್ತಿದ್ದಳು. ಮೂರು ದಿನದ ಕೂಲಿ ಬಿಟ್ಟು ಹೊತ್ತಳು. ಕೇರಿಯ ಗಂಡಸರು ಕಲ್ಲು ಹೊಡೆದುಕೊಟ್ಟರು. ಪೇಟೆಯ ವರ್ತಕರೊಬ್ಬರು ಮೇಲಕ್ಕೆ ಹೊದಿಸಲು ಶೀಟು ಕೊಟ್ಟರು. ಕೋಣೆ ಎದ್ದ ಮೇಲೆ ಬಾಗಿಲ ಪಕ್ಕ ಒಂದು ಕಲ್ಲು ಕೂರಿಸಿದರು. ಅದರಲ್ಲಿ ಶೀಟು ಕೊಟ್ಟವರ ಹೆಸರಿದೆ, ಬಂದು ಟೇಪು ಕತ್ತರಿಸಿದವರ ಹೆಸರಿದೆ. ನಾನು ಅಕ್ಷರ ಕೂಡಿಸಿ ಓದಲು ಕಲಿತ ವರ್ಷ ಅವ್ವ ಕೇಳಿದಳು: 'ನನ್ ಹೆಸ್ರು ಐತೇನ್ಲಾ ಅದ್ರಲ್ಲಿ?' ಇಲ್ಲ ಕಣವ್ವ ಅಂದೆ. 'ಹೋಗ್ಲಿ ಬುಡು' ಅಂದು ಸೌದೆ ಮುರಿಯಲು ಕೂತಳು.

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಶಾಲೆಗಳ ಚರಿತ್ರೆ ಓದುತ್ತಾ ಹೋದಂತೆ ಆ ಕಲ್ಲು ಮತ್ತೆ ಮತ್ತೆ ಕಣ್ಣಿಗೆ ಬಂತು. ಉದ್ಯಮಿಗಳು ಸರ್ಕಾರಿ ಶಾಲೆಗಳನ್ನು ಎತ್ತಿಹಿಡಿಯಬೇಕು, ಬಡವರ ಮಕ್ಕಳನ್ನು ಕೆಲಸಕ್ಕೆ ತಯಾರು ಮಾಡಬೇಕು ಎಂಬ ಮಾತು ಈಗ ನಮ್ಮಲ್ಲಿ ದಿನಾ ಕೇಳುತ್ತದೆ. ಏನೋ ಹೊಸದಾಗಿ ಕಂಡುಹಿಡಿದವರ ಹಾಗೆ ಹೇಳುತ್ತಾರೆ. ನೂರಿಪ್ಪತ್ತು ವರ್ಷಗಳ ಹಿಂದೆಯೇ ಅಮೆರಿಕದ ದೊಡ್ಡ ದೊಡ್ಡ ವರ್ತಕರು ಇದೇ ಮಾತು ಆಡಿದರು, ದುಡ್ಡೂ ಹಾಕಿದರು. ಅದರಿಂದ ಯಾರಿಗೆ ಏನು ಸಿಕ್ಕಿತು, ಯಾರು ಏನು ತೆತ್ತರು ಎಂಬ ಲೆಕ್ಕ ನಮಗೆ ಗೊತ್ತಿರಬೇಕು.

1

ಗುಲಾಮಗಿರಿ ಇದ್ದ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮನಿಗೆ ಅಕ್ಷರ ಕಲಿಸುವುದು ಅಪರಾಧವಾಗಿತ್ತು. ಕಾನೂನಿನ ಪುಸ್ತಕದಲ್ಲೇ ಹಾಗೆ ಬರೆದಿತ್ತು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿರಿ ಅಂದ ಧರ್ಮಶಾಸ್ತ್ರ ಕಂಡಿರುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

1865ರಲ್ಲಿ ಗುಲಾಮಗಿರಿ ಮುಗಿಯಿತು. ಬಿಡುಗಡೆಯಾದ ಜನ ಮೊದಲು ಹುಡುಕಿದ್ದು ಎರಡು: ಉಳಲು ತುಂಡು ಭೂಮಿ, ಓದಲು ಶಾಲೆ. ಭೂಮಿ ಸಿಗಲಿಲ್ಲ. ಶಾಲೆಯನ್ನು ತಾವೇ ಕಟ್ಟಿಕೊಳ್ಳತೊಡಗಿದರು. ಚರ್ಚಿನ ಮೂಲೆಯಲ್ಲಿ, ಹಳೇ ಕೊಟ್ಟಿಗೆಯಲ್ಲಿ ಅಜ್ಜ ಮೊಮ್ಮಗ ಒಂದೇ ಬೆಂಚಿನ ಮೇಲೆ ಕೂತು ಅಕ್ಷರ ತಿದ್ದಿದರು. ಓಟು ಸಿಕ್ಕಿದ ಕೆಲವೇ ವರ್ಷಗಳಲ್ಲಿ, ಅವರ ಪ್ರತಿನಿಧಿಗಳೂ ಕೂತು ಬರೆದ ರಾಜ್ಯ ಸಂವಿಧಾನಗಳಲ್ಲಿ ಎಲ್ಲ ಮಕ್ಕಳಿಗೂ ತೆರಿಗೆಯ ದುಡ್ಡಿನಿಂದ ಶಾಲೆ ನಡೆಸಬೇಕೆಂಬ ಮಾತು ಸೇರಿತು. ದಕ್ಷಿಣದ ಬಡ ಬಿಳಿಯರ ಮಕ್ಕಳಿಗೂ ಇದರಿಂದಲೇ ಸರ್ಕಾರಿ ಶಾಲೆಯ ಬಾಗಿಲು ತೆರೆಯಿತು.

1877ರಲ್ಲಿ ಕೇಂದ್ರದ ಸೈನ್ಯ ದಕ್ಷಿಣದಿಂದ ಕಾಲ್ತೆಗೆಯಿತು. ಹಳೇ ಧಣಿಗಳು ಮತ್ತೆ ಕುರ್ಚಿ ಹತ್ತಿದರು. 1890ರಲ್ಲಿ ಮಿಸಿಸಿಪಿ, 1901ರಲ್ಲಿ ಅಲಬಾಮ ಹೊಸ ಸಂವಿಧಾನ ಬರೆದು ಕಪ್ಪು ಜನರ ಓಟು ಕಿತ್ತುಕೊಂಡವು. ಓಟು ಹೋದ ಮೇಲೆ ಶಾಲೆಯ ದುಡ್ಡು ಉಳಿಯುತ್ತದೆಯೇ? ತೆರಿಗೆ ಎಲ್ಲರಿಂದಲೂ ವಸೂಲಾಗುತ್ತಿತ್ತು. ಹಂಚುವ ಬೋರ್ಡಿನಲ್ಲಿ ಬಿಳಿಯರು ಮಾತ್ರ ಕೂತಿದ್ದರು. ಬೇರೆ ಬೇರೆ ಇಟ್ಟರೂ ಸಮಾನವಾಗಿದ್ದರೆ ತಪ್ಪಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1896ರಲ್ಲಿ ತೀರ್ಪು ಕೊಟ್ಟಿತು. ಮೂರೇ ವರ್ಷಕ್ಕೆ ಆ 'ಸಮಾನ'ದ ಬಣ್ಣ ಬಯಲಾಯಿತು. ಜಾರ್ಜಿಯಾದ ಅಗಸ್ಟಾ ಪಟ್ಟಣದಲ್ಲಿ ಕಪ್ಪು ಮಕ್ಕಳಿಗಿದ್ದ ಒಂದೇ ಒಂದು ಸರ್ಕಾರಿ ಹೈಸ್ಕೂಲನ್ನು ಬೋರ್ಡು ಮುಚ್ಚಿತು, ಬಿಳಿಯ ಮಕ್ಕಳ ಹೈಸ್ಕೂಲು ನಡೆಯುತ್ತಲೇ ಇತ್ತು. ತಂದೆತಾಯಿಗಳು ಕೋರ್ಟಿಗೆ ಹೋದರು. 1899ರಲ್ಲಿ ಸುಪ್ರೀಂ ಕೋರ್ಟು ಬೋರ್ಡಿನ ಪರವಾಗಿ ನಿಂತಿತು.

ಹತ್ತಿ ಹೊಲದ ಧಣಿಗಳಿಗೆ ಶಾಲೆಯೆಂದರೆ ಭಯ. ಓದಿದ ಹುಡುಗ ಹತ್ತಿ ಬಿಡಿಸಲು ಬರುವುದಿಲ್ಲ, ಲೆಕ್ಕ ಕಲಿತ ಹುಡುಗಿ ಅಪ್ಪನ ಸಾಲದ ಚೀಟಿ ಓದುತ್ತಾಳೆ. ಹತ್ತಿಯ ಕೆಲಸ ಇಲ್ಲದ ತಿಂಗಳುಗಳಲ್ಲಷ್ಟೇ ಕಪ್ಪು ಮಕ್ಕಳ ಶಾಲೆ ನಡೆಯಬೇಕು ಎಂಬುದು ಅವರ ನ್ಯಾಯ. ದನ ಮೇಯಿಸಲು ಹುಡುಗ ಬೇಕೆಂದು ಶಾಲೆಯಿಂದ ಎಳೆದೊಯ್ದ ನಮ್ಮೂರ ಗೌಡಿಕೆಯ ನ್ಯಾಯವೂ ಇದೇ ತಾನೇ?

2

ಇಂಥ ಹೊತ್ತಿನಲ್ಲಿ ಉತ್ತರದ ವರ್ತಕರು ದಕ್ಷಿಣದ ಶಾಲೆಗಳ ಕಡೆ ತಿರುಗಿದರು. ರಾಬರ್ಟ್ ಆಗ್ಡನ್ ನ್ಯೂಯಾರ್ಕಿನ ವಾನಮೇಕರ್ ಮಳಿಗೆಯ ಪಾಲುದಾರ. ವಿಲಿಯಂ ಬಾಲ್ಡ್ವಿನ್ ರೈಲು ಕಂಪನಿಯೊಂದರ ಅಧ್ಯಕ್ಷ. ಆಗ್ಡನ್ ವಿಶೇಷ ರೈಲು ಮಾಡಿಸಿ ಉತ್ತರದ ಶ್ರೀಮಂತರಿಗೆ ದಕ್ಷಿಣದ ಶಾಲೆಗಳನ್ನು ತೋರಿಸಲು ಕರೆದೊಯ್ಯುತ್ತಿದ್ದ. 1901ರ ಅಂಥ ರೈಲಿನಲ್ಲಿ ಎಣ್ಣೆ ಸಾಮ್ರಾಟ ರಾಕ್‌ಫೆಲ್ಲರನ ಮಗನೂ ಇದ್ದ. ಮರುವರ್ಷ, 1902ರಲ್ಲಿ, ರಾಕ್‌ಫೆಲ್ಲರ್ 10 ಲಕ್ಷ ಡಾಲರು ಕೊಟ್ಟು 'ಜನರಲ್ ಎಜುಕೇಶನ್ ಬೋರ್ಡ್' ಶುರು ಮಾಡಿಸಿದ. ಬಾಲ್ಡ್ವಿನ್ನೇ ಮೊದಲ ಅಧ್ಯಕ್ಷ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ರಾಕ್‌ಫೆಲ್ಲರ್ ಅದಕ್ಕೆ ಕೊಟ್ಟದ್ದು 12 ಕೋಟಿ ಡಾಲರಿಗೂ ಮೀರಿತು.

ಇವರು ಹತ್ತಿ ಧಣಿಗಳ ಹಾಗೆ ಶಾಲೆಯೇ ಬೇಡ ಎನ್ನುವವರಲ್ಲ, ಇದನ್ನು ಒಪ್ಪಬೇಕು. ತೆರಿಗೆ ಹೆಚ್ಚಿಸಿ, ಸರ್ಕಾರಿ ಶಾಲೆ ಕಟ್ಟಿ ಎಂದು ಊರೂರು ತಿರುಗಿ ಪ್ರಚಾರ ಮಾಡಿಸಿದರು. ಆದರೆ ಯಾಕೆ ಎಂಬ ಪ್ರಶ್ನೆಗೆ ಬಾಲ್ಡ್ವಿನ್ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟಿದ್ದಾನೆ. ದಕ್ಷಿಣದಲ್ಲಿ ಗಿರಣಿ ಏಳಬೇಕು, ರೈಲು ಹರಿಯಬೇಕು, ಗಣಿ ತೋಡಬೇಕು. ಅದಕ್ಕೆ ಶಿಸ್ತಿನ, ಅಗ್ಗದ ಕೂಲಿ ಬೇಕು. ಬಿಳಿಯ ಕಾರ್ಮಿಕರು ಸಂಘ ಕಟ್ಟಿ ಕೂಲಿ ಜಾಸ್ತಿ ಕೇಳಿದ ದಿನ, ಕಡಿಮೆ ಕೂಲಿಗೆ ಕಪ್ಪು ಕಾರ್ಮಿಕರನ್ನು ತಂದು ನಿಲ್ಲಿಸಬಹುದು. ಇದು ಬಾಲ್ಡ್ವಿನ್ನನ ಲೆಕ್ಕ. ಕಪ್ಪು ಜನ ಓದಲಿ, ಆದರೆ ಭಾರದ ಕೆಲಸ ಮಾಡಲು ಬೇಕಾದಷ್ಟು ಓದಲಿ. ದಯೆಯೂ ಲಾಭವೂ ಒಂದೇ ಗಾಡಿಗೆ ಹೂಡಿದ ಎತ್ತುಗಳಾಗಿದ್ದವು.

ತೆರಿಗೆ ಏರಿಸುವ ಪ್ರಚಾರ ಗೆದ್ದಿತು. ಶಾಲೆಗಳ ದುಡ್ಡು ಹೆಚ್ಚಿತು. ಹೆಚ್ಚಿದ ದುಡ್ಡನ್ನು ಹಂಚಿದವರು ಮಾತ್ರ ಅದೇ ಬಿಳಿಯ ಬೋರ್ಡಿನವರು. ಹಾಗಾಗಿ ಬಿಳಿಯ ಮಕ್ಕಳ ಶಾಲೆಗಳು ಎದ್ದು ನಿಂತವು, ಕಪ್ಪು ಮಕ್ಕಳ ಶಾಲೆಗೂ ಅವಕ್ಕೂ ಇದ್ದ ಅಂತರ ಮೊದಲಿಗಿಂತ ಅಗಲವಾಯಿತು. ದಕ್ಷಿಣದ ಬಿಳಿಯರನ್ನು ಎದುರು ಹಾಕಿಕೊಂಡರೆ ಕೆಲಸ ಕೆಡುತ್ತದೆ ಎಂದು ವರ್ತಕರು ಸುಮ್ಮನಿದ್ದರು. ಓಟಿನ ಮಾತೆತ್ತದೆ ಶಾಲೆಯ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

3

ವರ್ತಕರಿಗೆ ಒಂದು ಮಾದರಿ ಕೈಗೆ ಸಿಕ್ಕಿತ್ತು. ಸ್ಯಾಮ್ಯುಯೆಲ್ ಆರ್ಮ್‌ಸ್ಟ್ರಾಂಗ್ ಎಂಬ ಬಿಳಿಯ ಸೈನ್ಯಾಧಿಕಾರಿ 1868ರಲ್ಲಿ ವರ್ಜೀನಿಯಾದಲ್ಲಿ ಹ್ಯಾಂಪ್ಟನ್ ಶಾಲೆ ತೆರೆದಿದ್ದ. ಅಕ್ಷರದ ಜೊತೆ ಉಳುಮೆ, ಬಡಗಿತನ, ಅಡುಗೆ, ಬಟ್ಟೆ ಒಗೆತ. ಅಲ್ಲಿಂದ ಹೊರಟವರು ಹಳ್ಳಿ ಮೇಷ್ಟ್ರಾಗಿ ಅದೇ ಶಿಸ್ತನ್ನು ಮಕ್ಕಳಿಗೆ ದಾಟಿಸಬೇಕು. ಗುಲಾಮರಾಗಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ 1872ರಲ್ಲಿ ಈ ಶಾಲೆಗೆ ಬಂದರು. ಒಂದು ಕೋಣೆ ಗುಡಿಸಲು ಹೇಳಿದರು, ಅದೇ ಅವರ ಪ್ರವೇಶ ಪರೀಕ್ಷೆ. 1881ರಲ್ಲಿ ಅಲಬಾಮದ ಟಸ್ಕೀಗಿಯಲ್ಲಿ ತಾವೇ ಶಾಲೆ ಶುರು ಮಾಡಿದರು. ಇಟ್ಟಿಗೆ ಸುಟ್ಟವರೂ ಗೋಡೆ ಕಟ್ಟಿದವರೂ ವಿದ್ಯಾರ್ಥಿಗಳೇ. 1895ರಲ್ಲಿ ಅಟ್ಲಾಂಟಾದಲ್ಲಿ ಭಾಷಣ ಮಾಡಿ, ಸಮಾನತೆಯ ಗಲಾಟೆ ಈಗ ಬೇಡ, ದುಡಿಮೆಯಿಂದ ಮೇಲೆ ಬರೋಣ ಎಂಬರ್ಥದ ಮಾತು ಹೇಳಿದರು. ಬಿಳಿಯ ವರ್ತಕರು ಹಿಗ್ಗಿದರು. ಉಕ್ಕಿನ ದೊರೆ ಕಾರ್ನೆಗಿ 1903ರಲ್ಲಿ ಟಸ್ಕೀಗಿಗೆ 6 ಲಕ್ಷ ಡಾಲರು ಕೊಟ್ಟ.

ಅದೇ 1903ರಲ್ಲಿ ಡಬ್ಲ್ಯು.ಇ.ಬಿ. ಡು ಬಾಯ್ಸ್ ತಮ್ಮ ಪುಸ್ತಕದಲ್ಲಿ ವಾಷಿಂಗ್ಟನ್ನರನ್ನು ನೇರವಾಗಿ ಎದುರಿಸಿದರು. ಓಟಿನ ಬಲ, ನಾಗರಿಕ ಹಕ್ಕು, ಉನ್ನತ ಶಿಕ್ಷಣ, ಈ ಮೂರನ್ನೂ ಬಿಟ್ಟುಕೊಟ್ಟು ಬರೀ ಕಸುಬು ಕಲಿತರೆ ಆ ಕಸುಬಿನ ಗಳಿಕೆಯನ್ನಾದರೂ ಕಾಪಾಡಿಕೊಳ್ಳುವುದು ಹೇಗೆ? ಕಾಲೇಜು ಓದಿದವರಿಲ್ಲದಿದ್ದರೆ ಕಸುಬಿನ ಶಾಲೆಗೆ ಮೇಷ್ಟ್ರು ಎಲ್ಲಿಂದ ಬರುತ್ತಾರೆ? ಇವು ಅವರ ಪ್ರಶ್ನೆಗಳು.

ನಮ್ಮಲ್ಲಿ ಕೆಲವರು ವಾಷಿಂಗ್ಟನ್ ಎಂದರೆ ಧಣಿಗಳ ಬಾಲಬಡುಕ ಅಂದುಬಿಡುತ್ತಾರೆ. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಹೊರಗೆ ತಲೆ ಬಾಗಿಸಿ ನಡೆದ ಆ ಮನುಷ್ಯ, ಓಟು ಕಿತ್ತುಕೊಂಡ ಅಲಬಾಮದ ಕಾನೂನಿನ ವಿರುದ್ಧ ನಡೆದ ಮೊಕದ್ದಮೆಗಳಿಗೆ ಗುಟ್ಟಾಗಿ ದುಡ್ಡು ಕೊಡುತ್ತಿದ್ದರು. ಸುತ್ತ ಮರಕ್ಕೆ ನೇತುಹಾಕುವ ಗುಂಪುಗಳಿರುವಾಗ ಮನುಷ್ಯ ಎಷ್ಟು ಜೋರಾಗಿ ಮಾತಾಡಬಹುದು ಎಂಬುದನ್ನು ದೂರದಲ್ಲಿ ಕೂತ ನಾವು ಅಳೆಯುವುದು ಕಷ್ಟ. ಆದರೂ ಪ್ರಶ್ನೆ ಡು ಬಾಯ್ಸರದೇ ಸರಿ. ನಾನು ಹತ್ತನೇ ಕ್ಲಾಸು ಮುಗಿಸಿದಾಗ ಒಬ್ಬ ಮೇಷ್ಟ್ರು, ಒಳ್ಳೆಯವರೇ, 'ನಿಮ್ಮವರಿಗೆ ಐಟಿಐ ಸಾಕು ಕಣೋ, ಬೇಗ ಕೆಲಸ ಸಿಗುತ್ತೆ' ಅಂದರು. ಐಟಿಐ ಕಲಿತ ನಮ್ಮ ಚಿಕ್ಕಪ್ಪನ ಮಗ ಇವತ್ತು ಮನೆ ಸಾಕುತ್ತಿದ್ದಾನೆ, ನಾನು ಸಾಕುತ್ತಿಲ್ಲ. ಕಸುಬಿನ ಮೇಲೆ ನನಗೆ ಜಗಳವಿಲ್ಲ. 'ನಿಮ್ಮವರಿಗೆ' ಅಂದರಲ್ಲ, ಆ ಒಂದು ಪದದ ಮೇಲೆ ಜಗಳ.

4

ಈಗ ಜೂಲಿಯಸ್ ರೋಸೆನ್‌ವಾಲ್ಡನ ವಿಷಯಕ್ಕೆ ಬರೋಣ. ವರ್ತಕರ ಈ ಸಾಲಿನಲ್ಲಿ ಸುಲಭವಾಗಿ ಬೈಯಲಾಗದ ಮನುಷ್ಯ ಈತ. ಹಳ್ಳಿಹಳ್ಳಿಗೆ ದಪ್ಪ ಕ್ಯಾಟಲಾಗು ಕಳಿಸಿ ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಸಿಯರ್ಸ್ ರೋಬಕ್ ಕಂಪನಿಯ ಮುಖ್ಯಸ್ಥ. ಜರ್ಮನಿಯಿಂದ ವಲಸೆ ಬಂದ ಯೆಹೂದಿಗಳ ಮಗ, ಜನಾಂಗದ್ವೇಷ ಏನೆಂದು ತನ್ನವರ ಕಥೆಯಿಂದಲೇ ಬಲ್ಲವನು. 1911ರಲ್ಲಿ ವಾಷಿಂಗ್ಟನ್ನರ ಪರಿಚಯವಾಯಿತು. 1912ರಲ್ಲಿ ತನ್ನ ಐವತ್ತನೇ ಹುಟ್ಟುಹಬ್ಬಕ್ಕೆ 25,000 ಡಾಲರನ್ನು ಟಸ್ಕೀಗಿಯ ಮೂಲಕ ಹಂಚಲು ಕೊಟ್ಟ. ಅದರಲ್ಲಿ 2,800 ಡಾಲರನ್ನು ಅಲಬಾಮದ ಆರು ಹಳ್ಳಿಶಾಲೆ ಕಟ್ಟಲು ಬಳಸಬಹುದೇ ಎಂದು ವಾಷಿಂಗ್ಟನ್ ಕೇಳಿದರು. ಮೊದಲ ಶಾಲೆ 1913ರಲ್ಲಿ ಲೋಚಪೋಕ ಎಂಬ ಊರಲ್ಲಿ ಎದ್ದಿತು. 1915ರಲ್ಲಿ ವಾಷಿಂಗ್ಟನ್ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆ, ಮೇಷ್ಟ್ರಿಗೆ 217 ಮನೆ, 163 ಕಸುಬಿನ ಕೊಠಡಿ. ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಜಾಗ. ಕರೆಂಟಿಲ್ಲದ ಹಳ್ಳಿಗಳಲ್ಲವೇ, ಬೆಳಕು ಮಕ್ಕಳ ಎಡಗಡೆಯಿಂದ ಪುಸ್ತಕದ ಮೇಲೆ ಬೀಳುವಂತೆ ಸಾಲಾಗಿ ಎತ್ತರದ ಕಿಟಕಿ ಇಟ್ಟು ನಕ್ಷೆ ಮಾಡಿದ್ದರು.

ದುಡ್ಡು ಕೊಡಲು ರೋಸೆನ್‌ವಾಲ್ಡನ ಷರತ್ತು ಹೀಗಿತ್ತು: ಊರ ಕಪ್ಪು ಜನ ತಮ್ಮ ಪಾಲು ಹಾಕಬೇಕು, ಸರ್ಕಾರದ ಬೋರ್ಡೂ ಹಾಕಬೇಕು, ಕಟ್ಟಿದ ಶಾಲೆ ಬೋರ್ಡಿನ ಆಸ್ತಿಯಾಗಬೇಕು, ಅದನ್ನು ನಡೆಸುವ ಹೊಣೆ ಬೋರ್ಡಿನದೇ. ಇದರಲ್ಲಿ ಜಾಣತನವಿದೆ. ಕಪ್ಪು ಮಕ್ಕಳಿಗೆ ಕಾಸು ಬಿಚ್ಚದ ಬೋರ್ಡು ಬಿಚ್ಚಲೇಬೇಕಾಯಿತು. ಆದರೆ ಲೆಕ್ಕ ನೋಡಿ. ಒಟ್ಟು ಖರ್ಚು 2 ಕೋಟಿ 84 ಲಕ್ಷ ಡಾಲರು. ಅದರಲ್ಲಿ ತೆರಿಗೆಯ ದುಡ್ಡು ಸುಮಾರು 1 ಕೋಟಿ 81 ಲಕ್ಷ. ರೋಸೆನ್‌ವಾಲ್ಡ್ ನಿಧಿಯದು ಸುಮಾರು 43 ಲಕ್ಷ. ಬಿಳಿಯರ ದಾನ ಸುಮಾರು 12 ಲಕ್ಷ. ಕಪ್ಪು ಜನ ಕೈಯಾರೆ ಕೊಟ್ಟದ್ದು ಸುಮಾರು 47 ಲಕ್ಷ.

ಯಾರ ಹೆಸರಲ್ಲಿ ಈ ಶಾಲೆಗಳು ಚರಿತ್ರೆಗೆ ಸೇರಿದವೋ ಆತನಿಗಿಂತ, ಗೇಣಿ ಹೊಲದಲ್ಲಿ ಸಾಲದಲ್ಲಿ ಮುಳುಗಿದ್ದ ಜನ ಕೊಟ್ಟ ದುಡ್ಡು ಹೆಚ್ಚು! ಇದು ದುಡ್ಡಿನ ಲೆಕ್ಕ. ಹೊತ್ತ ಮರ, ಹೊಡೆದ ಮೊಳೆ, ಬಿಟ್ಟುಕೊಟ್ಟ ಜಾಗ ಬೇರೆ. ಕೆಲವು ಕಡೆ ಹೊಲದ ಒಂದು ಮೂಲೆಯನ್ನು ಶಾಲೆಗೆಂದೇ ಬಿಟ್ಟು, ಅದರ ಹತ್ತಿ ಮಾರಿ ಹಣ ಕೂಡಿಸಿದರು. ಕೋಳಿ ಮಾರಿದರು, ಚರ್ಚಿನಲ್ಲಿ ಊಟ ಬೇಯಿಸಿ ಮಾರಿದರು. ಅಲಬಾಮದ ಬೊಲಿಜೀ ಎಂಬ ಊರಿನ ಸಭೆಯೊಂದರ ನೆನಪು ಉಳಿದಿದೆ. ಗುಲಾಮನಾಗಿ ಬದುಕಿದ್ದ ಒಬ್ಬ ಮುದುಕ ಜಿಡ್ಡುಗಟ್ಟಿದ ಚೀಲ ತಂದು ಮೇಜಿನ ಮೇಲೆ ಸುರಿದ. ಜೀವಮಾನದ ಉಳಿತಾಯ, 38 ಡಾಲರು. ತನ್ನ ಮೊಮ್ಮಕ್ಕಳ ಮಕ್ಕಳಿಗಾದರೂ ಒಂದು ದಾರಿಯಾಗಲಿ ಅಂದ.

ಇತಿಹಾಸಕಾರ ಜೇಮ್ಸ್ ಆಂಡರ್ಸನ್ 1988ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ಎರಡು ಸಲದ ತೆರಿಗೆ ಎಂದು ಕರೆದಿದ್ದಾರೆ. ಕಪ್ಪು ಜನ ಎಲ್ಲರ ಹಾಗೆ ಒಂದು ಸಲ ತೆರಿಗೆ ಕಟ್ಟಿದರು. ಅದು ಬಿಳಿಯ ಮಕ್ಕಳ ಶಾಲೆಗೆ ಹೋಯಿತು. ತಮ್ಮ ಮಕ್ಕಳಿಗೆ ಶಾಲೆ ಬೇಕಾದಾಗ ಇನ್ನೊಂದು ಸಲ ಕಟ್ಟಿದರು. ಕಟ್ಟಿ, ಆ ಕಟ್ಟಡವನ್ನು ತಮಗೆ ಓಟೇ ಇಲ್ಲದ ಬೋರ್ಡಿನ ಕೈಗೆ ಬರೆದುಕೊಟ್ಟರು.

ಈ ಮಾತು ನಮಗೆ ಹತ್ತಿರದ್ದು. 1873ರಲ್ಲಿ 'ಗುಲಾಮಗಿರಿ' ಬರೆದಾಗ ಜೋತಿಬಾ ಫುಲೆಯವರು ಅದನ್ನು ಅರ್ಪಿಸಿದ್ದು ಕಪ್ಪು ಜನರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಜನಕ್ಕೆ. ಅದೇ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಹೇಳಿದ್ದೇನು? ಸರ್ಕಾರದ ಖಜಾನೆ ತುಂಬುವುದು ರೈತನ ಬೆವರಿನಿಂದ, ಆ ದುಡ್ಡು ಹೋಗುವುದು ಮೇಲಿನವರ ಮಕ್ಕಳ ಉನ್ನತ ಶಿಕ್ಷಣಕ್ಕೆ. ದೇಶ ಬೇರೆ, ಬಣ್ಣ ಬೇರೆ, ಖಜಾನೆಯ ಬುದ್ಧಿ ಒಂದೇ.

5

ಕೆಲಸಕ್ಕೆ ತಯಾರು ಮಾಡುವ ಮಾತು ಎಲ್ಲಿಗೆ ಮುಟ್ಟಿತು ಎಂಬುದನ್ನು ಅರ್ಕಾನ್ಸಾಸ್ ರಾಜ್ಯದ ಲಿಟ್ಲ್ ರಾಕ್ ಪಟ್ಟಣ ತೋರಿಸುತ್ತದೆ. 1920ರ ದಶಕದ ಕೊನೆಗೆ ರೋಸೆನ್‌ವಾಲ್ಡ್ ನಿಧಿ ಪಟ್ಟಣಗಳಲ್ಲಿ ಕಪ್ಪು ಮಕ್ಕಳಿಗೆ ಕೈಗಾರಿಕಾ ಹೈಸ್ಕೂಲು ಕಟ್ಟಲು ಹೊರಟಿತು. ಮೊದಲು ಊರಲ್ಲಿ ಸಮೀಕ್ಷೆ. ಯಾವ ಯಾವ ಕೆಲಸಗಳು 'ನೀಗ್ರೋ ಕೆಲಸ'? ಗಾರೆ, ಮೋಟಾರು ರಿಪೇರಿ, ಬಟ್ಟೆ ಒಗೆತ, ಅಡುಗೆ, ಮನೆಗೆಲಸ. ಆ ಪಟ್ಟಿಗೆ ಹೊಂದುವ ಪಾಠ. ಲಿಟ್ಲ್ ರಾಕಿನ ಕಪ್ಪು ಜನ ತಿರುಗಿಬಿದ್ದರು. ನಮ್ಮ ಮಕ್ಕಳಿಗೆ ಗಣಿತ, ವಿಜ್ಞಾನ, ಸಾಹಿತ್ಯವೂ ಬೇಕು, ಹೆಸರಿನಲ್ಲೇ 'ನೀಗ್ರೋ ಕೈಗಾರಿಕಾ ಶಾಲೆ' ಎಂಬ ಹಣೆಪಟ್ಟಿ ಬೇಡ ಎಂದರು. 1929ರಲ್ಲಿ ಶಾಲೆ ತೆರೆದಾಗ ಅದಕ್ಕೆ ಬಂದ ಹೆಸರು ಕಪ್ಪು ಕವಿಯೊಬ್ಬನದು: ಪಾಲ್ ಲಾರೆನ್ಸ್ ಡನ್‌ಬಾರ್ ಹೈಸ್ಕೂಲು. ಒಳಗೆ ಕಸುಬೂ ಇತ್ತು, ಕಾಲೇಜಿಗೆ ಹೋಗುವ ಓದೂ ಇತ್ತು.

ಅದೇ ಊರಲ್ಲಿ ಎರಡು ವರ್ಷ ಮೊದಲು ಬಿಳಿಯ ಮಕ್ಕಳ ಹೈಸ್ಕೂಲಿಗೆ ಸುಮಾರು 15 ಲಕ್ಷ ಡಾಲರು ಸುರಿದಿದ್ದರು. ಡನ್‌ಬಾರ್‌ಗೆ ಆದದ್ದು ಸುಮಾರು 4 ಲಕ್ಷ. ಆ ವರ್ಷವೇ ಆರ್ಥಿಕ ಕುಸಿತ ಬಂತು. ಗಿರಣಿ ಬಾಗಿಲು ಹಾಕಿತು. ಸಮೀಕ್ಷೆಯ 'ನೀಗ್ರೋ ಕೆಲಸ'ಗಳನ್ನೂ ಹಸಿದ ಬಿಳಿಯರೇ ಹಿಡಿದರು. ವರ್ತಕರು ಇವತ್ತು ಬೇಕೆಂದ ಕೆಲಸಕ್ಕೆ ಮಗುವನ್ನು ಕತ್ತರಿಸಿ ಕೂರಿಸಿದರೆ, ನಾಳೆ ಆ ಕೆಲಸವೇ ಇಲ್ಲವಾದಾಗ ಮಗು ಎಲ್ಲಿಗೆ ಹೋಗಬೇಕು? ಸಾಹಿತ್ಯ, ಗಣಿತ ಬೇಕೆಂದು ಹಟ ಹಿಡಿದ ತಂದೆತಾಯಿಗಳು ವರ್ತಕರಿಗಿಂತ ದೂರ ನೋಡಿದ್ದರು. 1957ರಲ್ಲಿ ಸೈನ್ಯದ ಕಾವಲಿನಲ್ಲಿ ಆ ಬಿಳಿಯರ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಒಂಬತ್ತು ಕಪ್ಪು ಮಕ್ಕಳಲ್ಲಿ ಡನ್‌ಬಾರ್ ಶಾಲೆಯಲ್ಲಿ ಓದಿದವರೂ ಇದ್ದರು. ಅವರಲ್ಲೊಬ್ಬ, ಅರ್ನೆಸ್ಟ್ ಗ್ರೀನ್, 1958ರಲ್ಲಿ ಅಲ್ಲಿಂದ ಪಾಸಾದ ಮೊದಲ ಕಪ್ಪು ವಿದ್ಯಾರ್ಥಿ.

ಚರಿತ್ರೆ ಯಾರ ಲೆಕ್ಕಕ್ಕೂ ಪೂರ್ತಿ ಸಿಗುವುದಿಲ್ಲ. ಬೇರೆ ಬೇರೆ ಶಾಲೆಗಳನ್ನು ಕಟ್ಟಿದ ಅದೇ ರೋಸೆನ್‌ವಾಲ್ಡ್ ನಿಧಿ ಬರಹಗಾರರಿಗೆ, ಸಂಶೋಧಕರಿಗೆ ವೇತನವನ್ನೂ ಕೊಟ್ಟಿತು. ಹಾಗೆ ವೇತನ ಪಡೆದ ಕೆನೆತ್ ಮತ್ತು ಮೇಮೀ ಕ್ಲಾರ್ಕ್ ದಂಪತಿ, ಕಪ್ಪು ಮಕ್ಕಳ ಮುಂದೆ ಕಪ್ಪು ಬೊಂಬೆ ಬಿಳಿ ಬೊಂಬೆ ಇಟ್ಟು, ಆ ಎಳೆಯ ಮನಸ್ಸಿಗೆ ಆದ ಗಾಯವನ್ನು ದಾಖಲಿಸಿದರು. 1954ರಲ್ಲಿ ಸುಪ್ರೀಂ ಕೋರ್ಟು ಬೇರೆ ಬೇರೆ ಶಾಲೆಗಳ ಪದ್ಧತಿಯನ್ನೇ ಹೊಡೆದುಹಾಕಿದ ತೀರ್ಪಿಗೆ ಆ ಸಂಶೋಧನೆಯೂ ಆಧಾರವಾಯಿತು. ಅಲಬಾಮದ ರೋಸೆನ್‌ವಾಲ್ಡ್ ಶಾಲೆಯೊಂದರಲ್ಲಿ ಓದಿದ ಜಾನ್ ಲೂಯಿಸ್ ಎಂಬ ಗೇಣಿ ರೈತನ ಮಗ, 1965ರಲ್ಲಿ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಲಾಠಿಗೆ ತಲೆ ಒಡ್ಡಿದ. ಅವನು ಕೇಳಿದ್ದು ಓಟು. ವಾಷಿಂಗ್ಟನ್ನರು ಬಹಿರಂಗವಾಗಿ ಕೇಳದ, ವರ್ತಕರು ಕೇಳಿಸಿಕೊಳ್ಳದ ಓಟು. ಅದೇ ವರ್ಷ ಓಟಿನ ಹಕ್ಕಿನ ಕಾನೂನು ಬಂತು. ರೋಸೆನ್‌ವಾಲ್ಡ್ 1932ರಲ್ಲಿ ತೀರಿಕೊಂಡಾಗ ಡು ಬಾಯ್ಸ್ ಆತನನ್ನು ಗೌರವಿಸಿಯೇ ಬರೆದರು. ಆತನ ಬದುಕು ಅಮೆರಿಕದ ಪ್ರಜಾಪ್ರಭುತ್ವದ ಮೇಲೊಂದು ಟೀಕೆ ಎಂಬರ್ಥದ ಮಾತು ಅದು. ಸರ್ಕಾರ ಮಾಡಬೇಕಾದ್ದನ್ನು ಅಂಗಡಿಯವನು ಮಾಡಬೇಕಾಯಿತಲ್ಲ!

6

ಲೋಚಪೋಕದ ಶಾಲೆ ಎದ್ದ 1913ರಲ್ಲೇ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದಿಳಿದರು, ಬರೋಡೆಯ ಮಹಾರಾಜರ ವೇತನದ ಮೇಲೆ. ನಿನ್ನ ಜಾತಿಗೆ ಇಷ್ಟು ಕಸುಬು ಸಾಕು ಎಂದು ಯಾರೋ ಅಳತೆ ಹಾಕಿ ನಿಲ್ಲಿಸಿದ್ದರೆ? ಅವರು ಅರ್ಥಶಾಸ್ತ್ರ ಓದಿದರು. 1946ರಲ್ಲಿ ಅವರು ಡು ಬಾಯ್ಸರಿಗೆ ಪತ್ರ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದರು. ಡು ಬಾಯ್ಸ್ ಉತ್ತರ ಬರೆದರು. ಓದು ಎಂಬುದು ಎರಡು ತುಳಿತದ ಜನರನ್ನು ಸಾಗರದಾಚೆ ಈಚೆ ಮಾತಾಡಿಸಿತು.

ನಮ್ಮಲ್ಲಿ 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾಗಿದೆ. ಶಾಲೆಗೆ ಬಣ್ಣ ಬರುತ್ತದೆ, ಕಂಪ್ಯೂಟರು ಬರುತ್ತದೆ, ಕೌಶಲ ತರಬೇತಿ ಬರುತ್ತದೆ. ಬರಲಿ, ಬೇಡ ಅನ್ನುವಷ್ಟು ಸಿರಿವಂತರಲ್ಲ ನಾವು. ಹಳ್ಳಿಯ ಮೇಷ್ಟ್ರುಗಳೇ, ಶಾಲಾ ಸಮಿತಿಯಲ್ಲಿ ಕೂತ ಗೆಳೆಯರೇ, ಗೋಡೆಗೆ ಬಣ್ಣ ಹೊಡೆಸಿಕೊಳ್ಳಿ. ಆದರೆ ಮೂರು ಮಾತು ಕೇಳಿ: ನಮ್ಮ ತೆರಿಗೆಯ ದುಡ್ಡು ಎಲ್ಲಿ ಹೋಯಿತು? ಯಾವ ಮಗು ಏನು ಕಲಿಯಬೇಕೆಂಬ ಪಟ್ಟಿ ಬರೆದವರು ಯಾರು? ಆ ಪಟ್ಟಿಯನ್ನು ಅವರು ತಮ್ಮ ಮಕ್ಕಳಿಗೂ ಕೊಡುತ್ತಾರೋ?

ಕಳೆದ ಸಲ ಊರಿಗೆ ಹೋದಾಗ ನೋಟ್ ಬುಕ್ಕು ಹಿಡಿದು ಕೇರಿ ಸುತ್ತಿದೆ. ಇಸ್ಕೂಲಿನ ಕೋಣೆಗೆ ಮಣ್ಣು ಹೊತ್ತವರು, ಕಲ್ಲು ಹೊಡೆದವರು ಯಾರ್ ಯಾರು ಅಂತ ಕೇಳಿ ಬರೆದೆ. ಇಪ್ಪತ್ತಮೂರು ಹೆಸರು ಸಿಕ್ಕಿದವು. ಏಳು ಜನ ಈಗಿಲ್ಲ. ಅವ್ವನ ಹೆಸರನ್ನು ಮೊದಲು ಬರೆಯಲು ಹೋದರೆ ಅವಳೇ ತಡೆದಳು. 'ಮೊದ್ಲು ಗುದ್ದಲಿ ಹಾಕ್ದೋನು ಮುನಿಯಣ್ಣ. ಅವನ್ದು ಬರಿ.'